ಹಳೆಯ ನಮೂನೆ ಎಂದು ಅರ್ಜಿ ಹಿಂತಿರುಗಿದೆ: ಜನನ ದಾಖಲೆಯನ್ನು ಎಲ್ಲಿ, ಹೇಗೆ ಕೇಳಬೇಕು?

ಪ್ರಶ್ನೆ: ನಾನು ಯಾದಗಿರಿ ಜಿಲ್ಲೆಯ ವಡಗೇರಾ ತಾಲ್ಲೂಕಿನಲ್ಲಿ ಪ್ರಾಥಮಿಕ ಶಾಲಾ ಶಿಕ್ಷಕಿ. ನನ್ನ ತಮ್ಮ 1984ರಲ್ಲಿ ಹುಟ್ಟಿದವನು. ಆ ವರ್ಷ ಪಂಚಮಿ ಹಬ್ಬಕ್ಕೆಂದು ಸೇಡಂ ತಾಲ್ಲೂಕಿನ ತವರಿಗೆ ಹೋಗಿದ್ದ ನಮ್ಮ ಅವ್ವ ಹೆರಿಗೆ ಮುಗಿಸಿಕೊಂಡೇ ಮರಳಿದಳೆಂದು ಮನೆಯಲ್ಲಿ ಹೇಳುತ್ತಾರೆ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿಯೂ ಪಾಸ್‌ಪೋರ್ಟ್‌ನಲ್ಲಿಯೂ ಅವನ ಜನ್ಮದಿನಾಂಕ 1-6-1984 ಎಂದಿದೆ. ಈಗ ಅಮೆರಿಕದಲ್ಲಿದ್ದು, ಅಲ್ಲಿ ಖಾಯಂ ವಾಸದ ಅರ್ಜಿಗೆ ಜನನ ಪ್ರಮಾಣಪತ್ರ ಬೇಕಾಗಿದೆ. ಕಚೇರಿಯ ಮುಂದಿನ ಅಂಗಡಿಯಲ್ಲಿ ಅರ್ಜಿ ನಮೂನೆ ಕೊಂಡು ನಮ್ಮ ತಾಲ್ಲೂಕಿನಲ್ಲಿ ಕೊಟ್ಟೆವು. ಅದರ ಮೇಲೆ ‘ಗುಲಬರ್ಗಾ ಜಿಲ್ಲೆ’ ಎಂದು ಅಚ್ಚಾಗಿತ್ತು. ‘ಇದು ಹಳೆಯ ನಮೂನೆ’ ಎಂದು ಹಿಂತಿರುಗಿಸಿದರು. ಆನ್‌ಲೈನ್‌ನಲ್ಲಿ ಅವನ ಹೆಸರು ಹಾಕಿ ಹುಡುಕಿದರೆ ದಾಖಲೆ ಇಲ್ಲ ಎಂದು ಬರುತ್ತದೆ. ಹೊಸ ಕಾನೂನಿನ ಪ್ರಕಾರ ಜನನ ಪ್ರಮಾಣಪತ್ರವಿಲ್ಲದಿದ್ದರೆ ಪಾಸ್‌ಪೋರ್ಟ್ ಕೂಡ ನವೀಕರಣವಾಗುವುದಿಲ್ಲ ಎನ್ನುತ್ತಾರೆ. ಹಣ ಕೊಟ್ಟರೆ ಬೇಕಾದ ದಿನಾಂಕ ಹಾಕಿಸಿ ಪ್ರಮಾಣಪತ್ರ ತಂದುಕೊಡುವುದಾಗಿ ಮಧ್ಯವರ್ತಿಯೊಬ್ಬರು ಹೇಳಿದ್ದಾರೆ. ಏನು ಮಾಡಬೇಕು? 1946ರಲ್ಲಿ ಹುಟ್ಟಿದ ನಮ್ಮ ತಂದೆಯವರ ದಾಖಲೆಯೂ ಸಿಗಬಹುದೇ?

ಉತ್ತರ: ಅರ್ಜಿ ಹಿಂತಿರುಗಿದ್ದಕ್ಕೆ ನಮೂನೆ ಹಳೆಯದಾದದ್ದೇ ಕಾರಣವೆಂದು ನೀವು ಭಾವಿಸಿದ್ದೀರಿ. ನಿಮ್ಮ ಪತ್ರವನ್ನು ಓದಿದ ಮೇಲೆ, ಹೊಸ ನಮೂನೆಯಲ್ಲಿಯೇ ಅರ್ಜಿ ಸಲ್ಲಿಸಿದ್ದರೂ ನಿಮಗೆ ದಾಖಲೆ ಸಿಗುತ್ತಿರಲಿಲ್ಲ ಎಂದು ನನಗೆ ಅನ್ನಿಸುತ್ತದೆ. ಅದಕ್ಕೆ ಕಾರಣ ನಿಮ್ಮ ಪತ್ರದಲ್ಲಿಯೇ ಇದೆ. ಜನನವನ್ನು ನೋಂದಾಯಿಸುವುದು ಮಗು ಹುಟ್ಟಿದ ಊರಿನಲ್ಲಿಯೇ ಹೊರತು ತಂದೆತಾಯಿ ವಾಸವಾಗಿರುವ ಊರಿನಲ್ಲಿ ಅಲ್ಲ. ನಿಮ್ಮ ತಾಯಿಯವರು ಹೆರಿಗೆಯಾದದ್ದು ತವರಿನಲ್ಲಾದರೆ ನಿಮ್ಮ ತಮ್ಮನ ಜನನದ ನಮೂದು ಇರಬೇಕಾದದ್ದು ಸೇಡಂ ತಾಲ್ಲೂಕಿನ ಆ ಗ್ರಾಮದ ರಿಜಿಸ್ಟರಿನಲ್ಲಿ. ವಡಗೇರಾದಲ್ಲಿ ಅಥವಾ ಆಗ ನಿಮ್ಮ ಊರು ಸೇರಿದ್ದ ಶಹಾಪುರದಲ್ಲಿ ಎಷ್ಟು ಹುಡುಕಿದರೂ ಅದು ಸಿಗುವಂಥದ್ದಲ್ಲ.

ತಾಲ್ಲೂಕು ಕಚೇರಿಯ ದಾಖಲೆ ಕೊಠಡಿಯಲ್ಲಿ ಕೆಲಸ ಮಾಡಿದ ಕಾಲದಲ್ಲಿ, ‘ದಾಖಲೆ ಇಲ್ಲ’ ಎನ್ನಿಸಿಕೊಂಡು ಬೇಸರದಿಂದ ಮರಳುತ್ತಿದ್ದ ಜನರಲ್ಲಿ ಬಹಳಷ್ಟು ಮಂದಿ ತಪ್ಪು ತಾಲ್ಲೂಕಿಗೆ ಬಂದವರೇ ಆಗಿರುತ್ತಿದ್ದುದನ್ನು ನಾನು ಕಂಡಿದ್ದೇನೆ. ನಮ್ಮ ಕಡೆ ಚೊಚ್ಚಲ ಹೆರಿಗೆಯಂತೂ ತವರಿನಲ್ಲಿಯೇ ಆಗುತ್ತದೆ. ಎರಡನೆಯದು, ಮೂರನೆಯದು ಕೂಡ ಎಷ್ಟೋ ಸಲ ಅಲ್ಲಿಯೇ. ಬೀದರ ಜಿಲ್ಲೆಯ ಸೊಸೆಯಂದಿರಲ್ಲಿ ಉದಗೀರ ಕಡೆಯಿಂದ ಬಂದವರಿದ್ದಾರೆ, ಗುರುಮಠಕಲ್ ಭಾಗಕ್ಕೆ ನಾರಾಯಣಪೇಟೆಯಿಂದ ಬಂದವರಿದ್ದಾರೆ, ಆಳಂದಕ್ಕೆ ಅಕ್ಕಲಕೋಟೆಯಿಂದ ಬಂದವರಿದ್ದಾರೆ. ಅಂಥ ಮನೆಗಳ ಮಕ್ಕಳ ದಾಖಲೆ ಬೇರೆ ರಾಜ್ಯದಲ್ಲಿಯೇ ಇರಬಹುದು. ಆದ್ದರಿಂದ ಅರ್ಜಿ ಬರೆಯುವ ಮೊದಲು ತಾಯಿಯನ್ನೋ, ಸೋದರಮಾವನನ್ನೋ ಕೂರಿಸಿಕೊಂಡು, ಹೆರಿಗೆ ಯಾವ ಊರಿನಲ್ಲಿ, ಯಾರ ಮನೆಯಲ್ಲಿ ಆಯಿತೆಂಬುದನ್ನು ಖಚಿತಪಡಿಸಿಕೊಳ್ಳಬೇಕು.

ಇನ್ನು ಆನ್‌ಲೈನ್ ಹುಡುಕಾಟದ ವಿಷಯ. ‘ಕಂಪ್ಯೂಟರಿನಲ್ಲಿ ಇಲ್ಲ’ ಎಂದರೆ ‘ದಾಖಲೆಯೇ ಇಲ್ಲ’ ಎಂದರ್ಥವಲ್ಲ. ಇ-ಜನ್ಮ ತಂತ್ರಾಂಶದ ಮೂಲಕ ಈಗ ಡಿಜಿಟಲ್ ಸಹಿಯಿರುವ ಪ್ರಮಾಣಪತ್ರಗಳು ಬರುತ್ತಿವೆಯಾದರೂ, 1984ರಂಥ ವರ್ಷಗಳ ಗ್ರಾಮ ರಿಜಿಸ್ಟರುಗಳೆಲ್ಲ ಅದರೊಳಗೆ ಸೇರಿಲ್ಲ. ಜನನ ಮತ್ತು ಮರಣ ನೋಂದಣಿ ಅಧಿನಿಯಮ 1969ರದ್ದು. ನಮ್ಮ ರಾಜ್ಯದಲ್ಲಿ ಅದು 1970ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಅಂದಿನಿಂದ ಹಳ್ಳಿಗಳಲ್ಲಿ ಗ್ರಾಮ ಲೆಕ್ಕಿಗರು, ನಮ್ಮ ಜನರ ಮಾತಿನಲ್ಲಿ ತಲಾಟಿಗಳು, ರಿಜಿಸ್ಟರ್ ಬರೆದು, ವರ್ಷ ಕಳೆದ ಮೇಲೆ ಅದನ್ನು ತಹಶೀಲ್ದಾರರ ಕಚೇರಿಗೆ ಒಪ್ಪಿಸುತ್ತ ಬಂದರು. ಹಳೆಯ ಗ್ರಾಮೀಣ ದಾಖಲೆಗೆ ತಹಶೀಲ್ ಕಚೇರಿಯ ದಾಖಲೆ ಕೊಠಡಿಯನ್ನೇ ಕೇಳಬೇಕಾಗಿರುವುದು ಈ ಕಾರಣದಿಂದ.

ಆ ರಿಜಿಸ್ಟರಿನ ಒಂದು ಪುಟವನ್ನು ಕಣ್ಣಾರೆ ನೋಡಿದರೆ ನಿಮ್ಮ ಹುಡುಕಾಟ ಏಕೆ ಫಲಿಸಲಿಲ್ಲ ಎಂಬುದು ತಿಳಿಯುತ್ತದೆ. ರಟ್ಟು ಕಿತ್ತ ಉದ್ದನೆಯ ಪುಸ್ತಕ. ಅಂಚು ಹುಡಿಯಾಗಿ ಉದುರುವ ಹಾಳೆ. ಅದರಲ್ಲಿ ಮಗುವಿನ ಹೆಸರಿನ ಅಂಕಣದಲ್ಲಿ ಬಹುಪಾಲು ಒಂದು ಅಡ್ಡಗೆರೆ ಮಾತ್ರ, ಏಕೆಂದರೆ ತೊಟ್ಟಿಲಿಗೆ ಹಾಕುವ ಮೊದಲೇ ತಲಾಟಿ ಬರೆದುಕೊಂಡು ಹೋಗಿರುತ್ತಿದ್ದರು. ಲಿಂಗದ ಅಂಕಣದಲ್ಲಿ ‘ಗಂಡು’, ಮುಂದೆ ‘ಮಲ್ಲಪ್ಪ ತಂದೆ ಶರಣಪ್ಪ’ ಎಂಬ ಧಾಟಿಯಲ್ಲಿ ತಂದೆಯ ಹೆಸರು. ಇಂದಿನ ಆಧಾರ್ ಕಾರ್ಡಿನಲ್ಲಿ ಅದೇ ಮನುಷ್ಯ ‘ಮಲ್ಲಿಕಾರ್ಜುನ ಪಾಟೀಲ’ ಆಗಿರಬಹುದು. ಹೀಗಿರುವಾಗ ನಿಮ್ಮ ತಮ್ಮನ ಇಂದಿನ ಹೆಸರು ಹಾಕಿ ಹುಡುಕಿದರೆ ಏನೂ ಬಾರದಿರುವುದು ಸಹಜ. ತಂದೆ ತಾಯಿಯ ಹೆಸರು, ಊರಿನಲ್ಲಿ ಅವರನ್ನು ಕರೆಯುತ್ತಿದ್ದ ರೂಪದಲ್ಲಿಯೂ ಕಾಗದಪತ್ರದಲ್ಲಿರುವ ರೂಪದಲ್ಲಿಯೂ, ಎರಡನ್ನೂ ಕೊಟ್ಟು ಹುಡುಕಿಸಬೇಕು.

ಈಗ ನಮೂನೆಯ ಮಾತಿಗೆ ಬರುತ್ತೇನೆ. ಅಂಗಡಿಯಲ್ಲಿ ಮಾರುವ ಅಚ್ಚಿನ ಹಾಳೆಗೆ ಕಾನೂನಿನ ಬಲವೇನೂ ಇಲ್ಲ. ನಮ್ಮ ಭಾಗದಲ್ಲಿ ಅದು ಬೇಗ ಹಳತಾಗುವುದಕ್ಕೆ ಕಾರಣ ಸ್ಪಷ್ಟವಾಗಿದೆ: 2009ರ ಡಿಸೆಂಬರಿನಲ್ಲಿ ಯಾದಗಿರಿ ಪ್ರತ್ಯೇಕ ಜಿಲ್ಲೆಯಾಯಿತು, 2014ರ ನವೆಂಬರ್ 1ರಿಂದ ಗುಲಬರ್ಗಾ ಕಲಬುರಗಿಯಾಯಿತು, 2018ರಲ್ಲಿ ಹೊಸ ತಾಲ್ಲೂಕುಗಳು ಬಂದವು. ವಡಗೇರಾ, ಹುಣಸಗಿ, ಗುರುಮಠಕಲ್, ಕಮಲಾಪುರ, ಕಾಳಗಿ, ಶಹಾಬಾದ್, ಯಡ್ರಾಮಿ, ಚಿಟಗುಪ್ಪ, ಹುಲಸೂರು, ಕಮಲನಗರ ಇವೆಲ್ಲ ಅದಕ್ಕೂ ಮೊದಲು ಬೇರೆ ತಾಲ್ಲೂಕುಗಳ ಭಾಗಗಳಾಗಿದ್ದವು. ಇಂಥ ಊರುಗಳ ಹಳೆಯ ರಿಜಿಸ್ಟರು ಇನ್ನೂ ಮೂಲ ತಾಲ್ಲೂಕಿನ ಕೊಠಡಿಯಲ್ಲಿದೆಯೋ ಹೊಸದಕ್ಕೆ ಹಸ್ತಾಂತರವಾಗಿದೆಯೋ ಎಂಬುದನ್ನು ಮೊದಲು ವಿಚಾರಿಸಿಕೊಳ್ಳುವುದು ಒಳ್ಳೆಯದು. ಚಾಲ್ತಿಯಲ್ಲಿರುವ ನಮೂನೆಯನ್ನು ಕಚೇರಿಯಿಂದಲೋ ನಾಡಕಚೇರಿಯಿಂದಲೋ ಪಡೆಯಿರಿ. ಸೇಡಂ ಕಚೇರಿಗೆ ಕೊಡುವಾಗ ‘ಹುಟ್ಟಿದಾಗ ಗುಲಬರ್ಗಾ ಜಿಲ್ಲೆ, ಈಗ ಕಲಬುರಗಿ ಜಿಲ್ಲೆ’ ಎಂದು ಎರಡನ್ನೂ ನಮೂದಿಸಿ.

ಆದರೆ ನಮೂನೆಗಿಂತ ಮುಖ್ಯವಾದದ್ದು ನೀವು ಕೇಳುತ್ತಿರುವುದು ಏನು ಎಂಬುದು. ಇರುವ ನಮೂದಿನ ಪ್ರತಿಯನ್ನು ಕೇಳುವುದು 1969ರ ಆ ಅಧಿನಿಯಮದ 17ನೇ ಪ್ರಕರಣದ ಕೆಲಸ. ನಮೂದಿನಲ್ಲಿ ಖಾಲಿ ಉಳಿದ ಹೆಸರನ್ನು ಸೇರಿಸುವುದು 14ನೇ ಪ್ರಕರಣದ್ದು, ತಪ್ಪಾಗಿರುವುದನ್ನು ತಿದ್ದಿಸುವುದು 15ನೇ ಪ್ರಕರಣದ್ದು, ನೋಂದಣಿಯೇ ಆಗಿರದ ಜನನವನ್ನು ತಡವಾಗಿ ನೋಂದಾಯಿಸುವುದು 13ನೇ ಪ್ರಕರಣದ್ದು. ‘ಜನನ ಪ್ರಮಾಣಪತ್ರ ಕೊಡಿಸಬೇಕಾಗಿ ವಿನಂತಿ’ ಎಂಬ ಒಂದೇ ಸಾಲಿನ ಅರ್ಜಿಯಲ್ಲಿ ಈ ನಾಲ್ಕೂ ಕಲಸಿಹೋಗುತ್ತವೆ, ಅದನ್ನು ಓದಿದ ಗುಮಾಸ್ತರಿಗೆ ಯಾವ ಕಡತದಲ್ಲಿ ಇಡಬೇಕೆಂಬುದೇ ತಿಳಿಯುವುದಿಲ್ಲ. ನೀವು ಮೊದಲು ಕೇಳಬೇಕಾದದ್ದು ಹುಡುಕಾಟ ಮತ್ತು ಪ್ರತಿ ಮಾತ್ರ. ಅರ್ಜಿಯಲ್ಲಿ ಗ್ರಾಮ, ಹೋಬಳಿ, ಹೆರಿಗೆಯಾದ ಮನೆಯ ಯಜಮಾನರ ಹೆಸರು, ತಂದೆತಾಯಿಯ ಹೆಸರಿನ ಎರಡೂ ರೂಪಗಳು, ಮಗುವಿನ ಲಿಂಗ, ಇವುಗಳ ಜೊತೆಗೆ ಹುಡುಕಬೇಕಾದ ವರ್ಷಗಳನ್ನು ಬರೆಯಿರಿ. 1-6-1984 ಎಂದಷ್ಟೇ ಬರೆದರೆ ಜೂನ್ ತಿಂಗಳ ಪುಟ ನೋಡಿ ಮುಚ್ಚಿಬಿಡುವ ಸಂಭವವಿದೆ. ಪಂಚಮಿ ಬರುವುದು ಶ್ರಾವಣದಲ್ಲಿ, ಅಂದರೆ ಜುಲೈ ಕೊನೆ ಅಥವಾ ಆಗಸ್ಟ್ ಹೊತ್ತಿಗೆ. ‘1983ರಿಂದ 1986ರವರೆಗಿನ ರಿಜಿಸ್ಟರುಗಳನ್ನು ಪರಿಶೀಲಿಸಬೇಕು’ ಎಂದು ಸ್ಪಷ್ಟವಾಗಿ ಕೇಳಿ, ಪ್ರತಿ ವರ್ಷಕ್ಕೆ ತಗಲುವ ಹುಡುಕಾಟ ಶುಲ್ಕವನ್ನು ಕಟ್ಟಿ ರಸೀದಿ ಪಡೆಯಿರಿ. ಗಡುವಿನೊಳಗೆ ಸೇವೆ ಒದಗಿಸುವ ರಾಜ್ಯ ಸರ್ಕಾರದ ಸಕಾಲ ವ್ಯವಸ್ಥೆಯಲ್ಲಿ ಅರ್ಜಿ ಸ್ವೀಕೃತವಾದರೆ ಸ್ವೀಕೃತಿ ಸಂಖ್ಯೆ ಬರುತ್ತದೆ. ಗಡುವು ಮೀರಿದರೆ ಮೇಲ್ಮನವಿ ಸಲ್ಲಿಸಲು ಆ ಸಂಖ್ಯೆಯೇ ಆಧಾರ. ಬಾಯಿಮಾತಿನ ‘ಇಲ್ಲ’ವನ್ನು ಒಪ್ಪಿಕೊಂಡು ಬರಬೇಡಿ.

ಹೊಸ ಕಾನೂನಿನ ಬಗ್ಗೆ ನಿಮಗೆ ಹೇಳಿರುವುದು ನಿಮ್ಮ ತಮ್ಮನಿಗೆ ಅನ್ವಯಿಸುವುದಿಲ್ಲ. ಜನನ ಮತ್ತು ಮರಣ ನೋಂದಣಿ ಅಧಿನಿಯಮದ 2023ರ ತಿದ್ದುಪಡಿ ಆ ವರ್ಷದ ಅಕ್ಟೋಬರ್ 1ರಂದು ಜಾರಿಗೆ ಬಂದಿದ್ದು, ಶಾಲಾ ಪ್ರವೇಶ, ಪಾಸ್‌ಪೋರ್ಟ್, ಚಾಲನಾ ಪರವಾನಗಿ, ಮತದಾರರ ಪಟ್ಟಿ ಮುಂತಾದವುಗಳಿಗೆ ಜನನ ಪ್ರಮಾಣಪತ್ರವನ್ನೇ ಹುಟ್ಟಿನ ಪುರಾವೆಯಾಗಿ ಗೊತ್ತುಮಾಡಿರುವುದು ಆ ದಿನ ಅಥವಾ ಅದರ ನಂತರ ಹುಟ್ಟಿದವರಿಗೆ ಮಾತ್ರ. 2025ರಲ್ಲಿ ತಿದ್ದುಪಡಿಯಾದ ಪಾಸ್‌ಪೋರ್ಟ್ ನಿಯಮಗಳೂ ಅದೇ ಗಡಿಯನ್ನು ಇಟ್ಟುಕೊಂಡಿವೆ; ಅದಕ್ಕೂ ಮೊದಲು ಹುಟ್ಟಿದವರಿಗೆ ಶಾಲಾ ವರ್ಗಾವಣೆ ಪತ್ರದಂಥ ಇತರ ದಾಖಲೆಗಳು ನಡೆಯುತ್ತವೆ. ಈ ಗಾಳಿಸುದ್ದಿಗೆ ಹೆದರಿ ಮಧ್ಯವರ್ತಿಗಳ ಕೈಗೆ ಸಿಕ್ಕವರನ್ನು ನೋಡಿ ನನಗೆ ನಿಜಕ್ಕೂ ನೋವಾಗುತ್ತದೆ. ನಿಮ್ಮ ತಮ್ಮನ ಅಗತ್ಯ ಬೇರೆಯದು: ವಿದೇಶದ ಕಚೇರಿಯೊಂದು ತನ್ನ ನಿಯಮದಂತೆ ಪ್ರಮಾಣಪತ್ರ ಕೇಳುತ್ತಿದೆ, ಅಷ್ಟೇ.

ಸೇಡಂನಲ್ಲಿ ನಮೂದು ಸಿಕ್ಕಿತೆಂದುಕೊಳ್ಳೋಣ. ಆಗ ಎದುರಾಗುವ ತೊಡಕು ಎರಡು ಬಗೆಯದು. ಮೊದಲನೆಯದು ಹೆಸರಿನ ಖಾಲಿ ಅಂಕಣ. ನೋಂದಣಿಯಾದ 12 ತಿಂಗಳೊಳಗೆ ಶುಲ್ಕವಿಲ್ಲದೆ, ಅನಂತರ 15 ವರ್ಷದವರೆಗೆ ತಡಶುಲ್ಕದೊಂದಿಗೆ ಹೆಸರು ಸೇರಿಸಲು ಅವಕಾಶವಿದೆ. 1984ರ ನಮೂದಿಗೆ ಆ ಅವಧಿ ಮುಗಿದಿದೆ. ಇಂಥ ಹಳೆಯ ನಮೂದುಗಳಿಗೆ ಸರ್ಕಾರ ಕಾಲಕಾಲಕ್ಕೆ ಅವಧಿ ವಿಸ್ತರಿಸಿದ ಉದಾಹರಣೆಗಳಿವೆಯಾದ್ದರಿಂದ, ಸದ್ಯ ವಿಸ್ತರಣೆ ಜಾರಿಯಲ್ಲಿದೆಯೇ ಎಂದು ನೋಂದಣಾಧಿಕಾರಿಯನ್ನು ಲಿಖಿತವಾಗಿ ಕೇಳಿ. ಇಲ್ಲವೆಂದಾದರೆ ಹೆಸರಿಲ್ಲದ ಪ್ರತಿಯನ್ನೇ ಪಡೆದು, ಆ ನಮೂದು ಇವನದೇ ಎಂದು ತಾಯಿಯೋ ಹತ್ತಿರದ ಹಿರಿಯರೋ ಪ್ರಮಾಣ ಮಾಡಿ ಕೊಟ್ಟ ಲಿಖಿತ ಹೇಳಿಕೆ (ಅಫಿಡವಿಟ್) ಮತ್ತು ಶಾಲಾ ದಾಖಲೆಗಳನ್ನು ಜೊತೆಗಿಡಬೇಕಾಗುತ್ತದೆ.

ಎರಡನೆಯದು ದಿನಾಂಕ, ಮತ್ತು ನನಗೆ ಹೆಚ್ಚು ಕಳವಳವಿರುವುದು ಇದರ ಬಗ್ಗೆಯೇ. ಜೂನ್ 1 ಎಂಬ ಜನ್ಮದಿನ ನಿಮ್ಮ ಶಾಲೆಯ ಹಳೆಯ ಪ್ರವೇಶ ಪುಸ್ತಕದಲ್ಲಿ ಎಷ್ಟು ಮಕ್ಕಳಿಗೆ ಇದೆ ಎಂಬುದನ್ನು ಶಿಕ್ಷಕಿಯಾದ ನೀವೇ ತೆರೆದು ನೋಡಬಹುದು. ಹುಟ್ಟಿದ ದಿನ ಗೊತ್ತಿಲ್ಲದ ಮಗುವನ್ನು ನಿಲ್ಲಿಸಿ, ಬಲಗೈಯನ್ನು ತಲೆಯ ಮೇಲಿಂದ ತಂದು ಎಡಗಿವಿ ಮುಟ್ಟಿಸಿ, ಮುಟ್ಟಿದರೆ ವಯಸ್ಸಾಯಿತೆಂದು ಶಾಲೆ ಆರಂಭವಾಗುವ ದಿನವನ್ನೇ ಬರೆದುಕೊಳ್ಳುತ್ತಿದ್ದ ಕಾಲವದು. ಯಾರದೂ ದುರುದ್ದೇಶವಿರಲಿಲ್ಲ. ಆದರೆ ರಿಜಿಸ್ಟರಿನಲ್ಲಿ ಆಗಸ್ಟ್ ತಿಂಗಳ ದಿನಾಂಕ ಸಿಕ್ಕಿದರೆ ನಿಮ್ಮ ತಮ್ಮನ ಕೈಯಲ್ಲಿ ಸರ್ಕಾರವೇ ಕೊಟ್ಟ ಎರಡು ಜನ್ಮದಿನಾಂಕಗಳು ಇರುತ್ತವೆ.

ಆ ಹಂತದಲ್ಲಿ ಸುಲಭವೆಂದು ತೋರುವ ದಾರಿಯೇ ಅತ್ಯಂತ ಅಪಾಯದ್ದು. ರಿಜಿಸ್ಟರಿನ ದಿನಾಂಕವನ್ನು ಪಾಸ್‌ಪೋರ್ಟ್‌ಗೆ ಹೊಂದುವಂತೆ ತಿದ್ದಿಸಿಕೊಡುತ್ತೇವೆ ಎಂದು ಹೇಳುವವರು ಸಿಗುತ್ತಾರೆ. ನಿಮ್ಮ ಮಧ್ಯವರ್ತಿ ಹೇಳಿರುವುದೂ ಅದನ್ನೇ. ನಮೂದು ನಿಜವಾಗಿ ತಪ್ಪಾಗಿದ್ದರೆ ಮಾತ್ರ 15ನೇ ಪ್ರಕರಣದಂತೆ ತಿದ್ದಬಹುದು. ಅದಕ್ಕೆ ವಿಷಯ ತಿಳಿದಿರುವ ಇಬ್ಬರು ವಿಶ್ವಾಸಾರ್ಹ ವ್ಯಕ್ತಿಗಳ ಘೋಷಣೆ ಬೇಕು, ಮತ್ತು ತಿದ್ದುವಾಗಲೂ ಮೂಲ ನಮೂದನ್ನು ಅಳಿಸುವಂತಿಲ್ಲ, ಪಕ್ಕದ ಅಂಚಿನಲ್ಲಿ ಬರೆದು ಸಹಿ ಮತ್ತು ದಿನಾಂಕ ಹಾಕಬೇಕು. ಸರಿಯಾಗಿರುವ ನಮೂದನ್ನು ಅನುಕೂಲಕ್ಕಾಗಿ ಬದಲಿಸುವುದು ತಿದ್ದುಪಡಿಯಲ್ಲ, ಸುಳ್ಳು ದಾಖಲೆ ಸೃಷ್ಟಿ. ಅದು ಬಯಲಾದ ದಿನ ಇಲ್ಲಿನ ಅಪರಾಧ ಪ್ರಕರಣದ ಜೊತೆಗೆ ಅಲ್ಲಿನ ಅರ್ಜಿಯೂ ತಿರಸ್ಕೃತವಾಗುತ್ತದೆ, ಮುಂದೆಂದೂ ಅವನ ಕಾಗದವನ್ನು ನಂಬುವವರಿರುವುದಿಲ್ಲ.

ಪ್ರಾಮಾಣಿಕ ದಾರಿಗಳೂ ಶ್ರಮವಿಲ್ಲದವಲ್ಲ. ರಿಜಿಸ್ಟರಿನ ಪ್ರತಿಯನ್ನು ಇದ್ದ ಹಾಗೆಯೇ ಸಲ್ಲಿಸಿ, ಶಾಲೆಯಲ್ಲಿ ಅಂದಾಜಿನ ದಿನಾಂಕ ಬರೆದದ್ದನ್ನು ವಿವರಿಸುವ ಅಫಿಡವಿಟ್ ಕೊಡಬಹುದು. ಇದರಲ್ಲಿ ಹೆಚ್ಚಿನ ಪ್ರಶ್ನೆಗಳು ಬಂದು ವಿಳಂಬವಾಗುವ ಸಾಧ್ಯತೆಯಿದೆ, ಮೋಸದ ಆರೋಪಕ್ಕೆ ಮಾತ್ರ ಎಡೆಯಿಲ್ಲ. ಇಲ್ಲವೇ ರಿಜಿಸ್ಟರಿನ ದಿನಾಂಕವೇ ಸರಿಯೆಂದು ಸಿವಿಲ್ ನ್ಯಾಯಾಲಯದಿಂದ ಘೋಷಣೆ ಪಡೆದು, ಎಸ್‌ಎಸ್‌ಎಲ್‌ಸಿ ದಾಖಲೆಯಿಂದ ತೊಡಗಿ ಪಾಸ್‌ಪೋರ್ಟ್‌ವರೆಗೆ ಎಲ್ಲವನ್ನೂ ಬದಲಿಸಿಕೊಳ್ಳಬಹುದು. ಇದಕ್ಕೆ ವರ್ಷಗಳೇ ಹಿಡಿಯಬಹುದು, ಇಷ್ಟು ತಡವಾಗಿ ಬಂದದ್ದೇಕೆಂದು ನ್ಯಾಯಾಲಯವೂ ಕೇಳುತ್ತದೆ. ಎರಡು ತಿಂಗಳ ವ್ಯತ್ಯಾಸಕ್ಕಾಗಿ ನಾನು ಮೊದಲ ದಾರಿಯನ್ನೇ ಸೂಚಿಸುತ್ತೇನೆ. ಆದರೂ ಅರ್ಜಿ ಸಲ್ಲಿಸುವ ಮೊದಲು ಅಲ್ಲಿನ ವಲಸೆ ವಕೀಲರಿಗೆ ಪ್ರತಿಯನ್ನು ತೋರಿಸುವುದು ಅಗತ್ಯ.

ಸೇಡಂನಲ್ಲಿಯೂ, ಎಚ್ಚರಿಕೆಗಾಗಿ ಶಹಾಪುರದಲ್ಲಿಯೂ ಹುಡುಕಿಸಿದ ಮೇಲೆ ನಮೂದು ಸಿಗದಿದ್ದರೆ, ನಮೂನೆ 10ರಲ್ಲಿ ದಾಖಲೆ ಅಲಭ್ಯತಾ ಪತ್ರವನ್ನು ಕೇಳಿ ಪಡೆಯಿರಿ. ನಮ್ಮ ಜನ ಇದನ್ನು ಸೋಲಿನ ಕಾಗದವೆಂದು ತಿಳಿಯುತ್ತಾರೆ, ಆದರೆ ಅದು ಬೆಲೆಯುಳ್ಳ ದಾಖಲೆ. ಅಮೆರಿಕದ ವಲಸೆ ಅಧಿಕಾರಿಗಳು ಭಾರತೀಯರ ವಿಷಯದಲ್ಲಿ ಅಲಭ್ಯತಾ ಪತ್ರದ ಜೊತೆಗೆ ಶಾಲಾ ದಾಖಲೆ ಹಾಗೂ ಜನನದ ಬಗ್ಗೆ ತಿಳಿದಿರುವ ತಂದೆತಾಯಿ ಅಥವಾ ಹತ್ತಿರದ ಸಂಬಂಧಿಕರ ಅಫಿಡವಿಟ್‌ಗಳನ್ನು ಪರಿಗಣಿಸುತ್ತಾರೆ. ನಿಮ್ಮ ತಮ್ಮನ ಅಗತ್ಯ ಅಷ್ಟರಲ್ಲೇ ತೀರಬಹುದು.

ತೀರದಿದ್ದರೆ ಉಳಿಯುವುದು ವಿಳಂಬ ನೋಂದಣಿ. ಹುಟ್ಟಿ ಒಂದು ವರ್ಷ ದಾಟಿದ ಪ್ರಕರಣಗಳಿಗೆ ಮೊದಲು ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟ್ ನ್ಯಾಯಾಲಯದ ಆದೇಶ ಬೇಕಿತ್ತು. 2023ರ ತಿದ್ದುಪಡಿಯ ನಂತರ ಆ ಅಧಿಕಾರ ಜಿಲ್ಲಾ ದಂಡಾಧಿಕಾರಿ, ಉಪವಿಭಾಗ ದಂಡಾಧಿಕಾರಿ ಅಥವಾ ಜಿಲ್ಲಾ ದಂಡಾಧಿಕಾರಿಯಿಂದ ಅಧಿಕಾರ ಪಡೆದ ಕಾರ್ಯನಿರ್ವಾಹಕ ದಂಡಾಧಿಕಾರಿಯದ್ದಾಗಿದೆ. ಹೆರಿಗೆ ಸೇಡಂ ತಾಲ್ಲೂಕಿನಲ್ಲಾಗಿರುವುದರಿಂದ ನೀವು ಹೋಗಬೇಕಾದದ್ದು ಉಪವಿಭಾಗ ದಂಡಾಧಿಕಾರಿಯಾಗಿರುವ ಸೇಡಂ ಸಹಾಯಕ ಆಯುಕ್ತರ ಕಚೇರಿಗೆ, ಯಾದಗಿರಿಗೆ ಅಲ್ಲ. ಅಲಭ್ಯತಾ ಪತ್ರ, ಶಾಲೆಯ ಮೂಲ ಪ್ರವೇಶ ಪುಸ್ತಕದ ದೃಢೀಕೃತ ನಕಲು, ತಂದೆತಾಯಿಯ ಗುರುತಿನ ಚೀಟಿಗಳು, ಹೆರಿಗೆಯನ್ನು ತಿಳಿದಿರುವ ಊರಿನ ಹಿರಿಯರ ಹೇಳಿಕೆ ಇವೆಲ್ಲ ಬೇಕಾಗುತ್ತವೆ. ಇಲ್ಲಿನ ಅಪಾಯವನ್ನೂ ತಿಳಿದಿರಿ: ಪ್ರಮಾಣಪತ್ರದ ಮೇಲೆ ನೋಂದಣಿಯ ದಿನಾಂಕವೂ ಅಚ್ಚಾಗಿರುತ್ತದೆ. ನಾಲ್ಕು ದಶಕಗಳ ನಂತರ ನೋಂದಣಿಯಾದದ್ದನ್ನು ಕಂಡ ವಿದೇಶಿ ಅಧಿಕಾರಿ ಮತ್ತೆ ಹಳೆಯ ಪುರಾವೆಗಳನ್ನೇ ಕೇಳುತ್ತಾರೆ. ಇನ್ನೂ ದೊಡ್ಡ ಅಪಾಯವೆಂದರೆ, ಸರಿಯಾಗಿ ಹುಡುಕಿಸದೆ ಅವಸರದಲ್ಲಿ ಅಲಭ್ಯತಾ ಪತ್ರ ತೆಗೆದುಕೊಂಡು ಹೊಸ ನೋಂದಣಿ ಮಾಡಿಸಿದ ಮೇಲೆ ಹಳೆಯ ನಮೂದು ಹೊರಬರುವುದು. ಒಬ್ಬನೇ ಮನುಷ್ಯ ಎರಡು ಊರಿನಲ್ಲಿ, ಎರಡು ದಿನ ಹುಟ್ಟಿದಂತಾಗುತ್ತದೆ. ಹುಡುಕಾಟವನ್ನು ಮೊದಲು ಮುಗಿಸಿ ಎಂದು ನಾನು ಒತ್ತಾಯಿಸುತ್ತಿರುವುದು ಇದಕ್ಕಾಗಿ.

ಮಧ್ಯವರ್ತಿಯ ಮಾತು ಇನ್ನೊಂದು ಬಗೆಯಲ್ಲಿಯೂ ಅಪಾಯಕಾರಿ. ಸರ್ಕಾರಿ ಜಾಲತಾಣವನ್ನೇ ಹೋಲುವ ನಕಲಿ ತಾಣಗಳಿಂದ ಮುದ್ರಿಸಿದ ಪ್ರಮಾಣಪತ್ರಗಳು ದೇಶದ ಹಲವೆಡೆ ಸಿಕ್ಕಿಬಿದ್ದಿವೆ. ಯಾರೇ ತಂದುಕೊಟ್ಟ ಪ್ರಮಾಣಪತ್ರವಾದರೂ ಅದರ ಮೇಲಿನ ಕ್ಯೂಆರ್ ಸಂಕೇತ ತೆರೆಯುವ ತಾಣ ಸರ್ಕಾರದ್ದೇ ಎಂಬುದನ್ನು ನೋಡಿ, ನೋಂದಣಿ ಸಂಖ್ಯೆಯನ್ನು ಕಚೇರಿಯ ರಿಜಿಸ್ಟರಿನೊಂದಿಗೆ ತಾಳೆಮಾಡಿಸಿ.

ಅರ್ಜಿ ನಮೂನೆಗಳನ್ನು ಪರಿಷ್ಕರಿಸುವ ಅಧಿಕಾರಿಗಳಲ್ಲಿ ನನ್ನದೊಂದು ಮನವಿಯಿದೆ. ಜಿಲ್ಲೆಯ ಹೆಸರು ಬದಲಿಸಿ, ಆಧಾರ್ ಸಂಖ್ಯೆಗೊಂದು ಚೌಕ ಸೇರಿಸಿದರೆ ನಮೂನೆ ಹೊಸದಾಗುವುದಿಲ್ಲ. ಹೆರಿಗೆಯಾದ ಊರು ಮತ್ತು ಆಗಿನ ತಾಲ್ಲೂಕು ಯಾವುದು, ತಂದೆಯ ರೂಢಿಯ ಹೆಸರೇನು, ಯಾವ ವರ್ಷದಿಂದ ಯಾವ ವರ್ಷದವರೆಗೆ ಹುಡುಕಬೇಕು, ಪ್ರತಿ ಬೇಕೋ ಹೆಸರು ಸೇರ್ಪಡೆಯೋ ತಿದ್ದುಪಡಿಯೋ ವಿಳಂಬ ನೋಂದಣಿಯೋ ಎಂಬುದನ್ನು ಕೇಳುವ ಸಾಲುಗಳು ಅದರಲ್ಲಿರಬೇಕು. ಹಾಗಿದ್ದಿದ್ದರೆ ನಿಮ್ಮ ಅರ್ಜಿ ಪಡೆದವರು ಅಲ್ಲಿಯೇ ನಿಮ್ಮನ್ನು ಸೇಡಂ ದಾರಿಗೆ ಹಚ್ಚುತ್ತಿದ್ದರು.

ಇನ್ನು ತಂದೆಯವರ ವಿಷಯ. 1946ರಲ್ಲಿ ನಮ್ಮ ಈ ಭಾಗ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಆಡಳಿತದ ಬರಹ ಉರ್ದುವಿನಲ್ಲಿ, ವರ್ಷದ ಲೆಕ್ಕ ಫಸಲಿಯಲ್ಲಿ. ಫಸಲಿ ವರ್ಷಕ್ಕೆ 590 ಕೂಡಿಸಿದರೆ ಹೆಚ್ಚುಕಡಿಮೆ ನಮ್ಮ ಇಸವಿ ಬರುತ್ತದೆ, ಆದ್ದರಿಂದ ನೀವು ನೋಡಬೇಕಾದದ್ದು 1355 ಮತ್ತು 1356ರ ಆಸುಪಾಸು. ಅಷ್ಟು ಹಳೆಯ ಜನನ ನಮೂದು ಸಿಗುವ ಭರವಸೆಯನ್ನು ನಾನು ಕೊಡಲಾರೆ. ಅವರು ಓದಿದ ಶಾಲೆಯ ಪ್ರವೇಶ ಪುಸ್ತಕ ಉಳಿದಿರುವ ಸಂಭವ ಅದಕ್ಕಿಂತ ಹೆಚ್ಚು. ಸಿಕ್ಕಿದರೆ ಮೂಲ ಪುಟದ ದೃಢೀಕೃತ ನಕಲನ್ನು ಪಡೆದು ಉರ್ದು ಬಲ್ಲವರಿಂದ ಅನುವಾದ ಮಾಡಿಸಿ ಜೊತೆಗಿಟ್ಟುಕೊಳ್ಳಿ. ನಿಮ್ಮ ತಮ್ಮನ ಅರ್ಜಿಗೆ ತಂದೆಯ ಜನನ ದಾಖಲೆ ಬೇಕಿಲ್ಲ. ಆದ್ದರಿಂದ ಈಗ ಸೇಡಂ ಕೆಲಸವನ್ನೇ ಮೊದಲು ಕೈಗೆತ್ತಿಕೊಳ್ಳಿ. ಹೋಗುವಾಗ ಆ ಊರಿನ ಸೋದರಮಾವಂದಿರಲ್ಲಿ ಒಬ್ಬರನ್ನು ಜೊತೆಗೆ ಕರೆದೊಯ್ದರೆ, ಹಳೆಯ ರಿಜಿಸ್ಟರಿನಲ್ಲಿ ಮನೆತನದ ಹೆಸರನ್ನು ಗುರುತಿಸುವುದು ಸುಲಭವಾಗುತ್ತದೆ.